ಜೋತುಬೀಳದ ಪತಾಕೆ ಮಾಲೆ: ಅಂಗಡಿ ಅಲಂಕಾರದ ಹೊಲಿಗೆ

ಹಬ್ಬಕ್ಕೆ ಅಂಗಡಿ ಮುಂದೆ ಕಟ್ಟಿದ ಬಟ್ಟೆಯ ಪತಾಕೆ ಮಾಲೆ ನಾಲ್ಕೇ ದಿನದಲ್ಲಿ ಗಿರಾಕಿಯ ತಲೆಗೆ ತಾಗುವಷ್ಟು ಇಳಿದರೆ ತಪ್ಪು ಪತಾಕೆಯದ್ದಲ್ಲ, ಮೇಲಿನ ಪಟ್ಟಿಯದ್ದು. ರವಿಕೆಯ ಕುತ್ತಿಗೆಗೆ ಇಡುವ ಕ್ರಾಸ್ ಪಟ್ಟಿಯನ್ನೇ ಇದಕ್ಕೂ ಹಾಕುತ್ತಾರೆ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಷ್ಟು ಬೆಳೆಯುತ್ತದೆ. ಕುತ್ತಿಗೆಯ ತಿರುವಿಗೆ ಆ ಗುಣ ಬೇಕು, ಭಾರ ಹೊರುವಲ್ಲಿ ಬೇಡ. ಒಂದು ಇಂಚಿನ ನೇಯ್ದ ಕಾಟನ್ ಟೇಪನ್ನೇ ತನ್ನಿ.

ಅಂಗಡಿಯ ಬಾಗಿಲು 12 ಅಡಿ ಎಂದಿಟ್ಟುಕೊಳ್ಳಿ. ಮೂರು ಬಳುಕಾಗಿ, ಅಂದರೆ ಬಿಲ್ಲಿನಂತೆ ಬಾಗಿದ ಮೂರು ಭಾಗವಾಗಿ ಇಳಿಬಿಟ್ಟರೆ ನೋಡಲು ಚಂದ. ಒಂದೊಂದು ಬಳುಕು 8 ಇಂಚು ಇಳಿಯಲು ಒಟ್ಟು ಒಂದು ಅಡಿ ಹೆಚ್ಚು ಬೇಕು. ಕಟ್ಟಲು ಎರಡೂ ತುದಿಗೆ ಒಂದೊಂದು ಅಡಿ. ಒಟ್ಟು 15 ಅಡಿ, ಅಂದರೆ ಸುಮಾರು 4.6 ಮೀಟರ್; 5 ಮೀಟರ್ ಟೇಪ್ ಸಾಕು. ಬಳುಕಿಗೆ ಆರರಂತೆ 18 ಪತಾಕೆ.

ಕಾಸರಗೋಡಿನ ಕಡೆ ಓಣಂಗೆ ಕೆನೆ ಬಣ್ಣ, ದೀಪಾವಳಿಗೆ ಕೆಂಪು ಎಂದು ಎರಡು ಮಾಲೆ ಮಾಡಬೇಕಿಲ್ಲ. ಮುಂಬದಿ ಕೆನೆ, ಹಿಂಬದಿ ಕೆಂಪು ಇಟ್ಟರೆ ತಿರುಗಿಸಿ ಕಟ್ಟಬಹುದು. ಆದರೆ ಗಾಜಿನ ಶೋಕೇಸಿನಲ್ಲಿ ಹಿಂದಿನಿಂದ ಬೆಳಕು ಬಿದ್ದಾಗ ಕೆಂಪು ಕೆನೆಯೊಳಗಿಂದ ಇಣುಕಿ ಮಂಕಾಗಿ ಕಾಣುತ್ತದೆ. ನಡುವೆ ತೆಳು ಬಿಳಿ ಲೈನಿಂಗ್ ಸೇರಿಸಿ. 44 ಇಂಚು ಪನ್ನದ (ಅಗಲದ) ಪಾಪ್ಲಿನ್ ಬಟ್ಟೆ ಒಂದೊಂದು ಬಣ್ಣಕ್ಕೆ ಅರ್ಧ ಮೀಟರ್ ಸಾಕು. ಮೊದಲು ಟೇಪನ್ನೂ ಬಟ್ಟೆಯನ್ನೂ ಒಗೆದು ಒಣಗಿಸಿ. ಕೆಂಪನ್ನು ಬೇರೆಯಾಗಿ, ನೀರು ತಿಳಿಯಾಗುವ ತನಕ ಒಗೆಯಿರಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ.

ಇನ್ನು ಕತ್ತರಿಸುವುದು. ಬಟ್ಟೆಯ ಅಡ್ಡಕ್ಕೆ 9 ಇಂಚಿನ ಎರಡು ಪಟ್ಟಿ ಮಾಡಿ. 7 ಇಂಚು ಬುಡ, 9 ಇಂಚು ಎತ್ತರದ ತ್ರಿಕೋನ ರಟ್ಟಿನ ಅಚ್ಚನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಇಟ್ಟು ಗೆರೆ ಎಳೆದರೆ ಪಟ್ಟಿಗೆ 11 ತುಂಡು, ಬಣ್ಣಕ್ಕೆ 22. ಬೇಕಾದದ್ದು 18, ನಾಲ್ಕು ಉಳಿಯುತ್ತವೆ. ದೀಪ, ಆನೆಯಂಥ ಚಿತ್ರವಿರುವ ಬಟ್ಟೆಗೆ ಈ ಲೆಕ್ಕ ಹೊಂದುವುದಿಲ್ಲ, ಅರ್ಧ ಆನೆಗಳು ತಲೆಕೆಳಗಾಗುತ್ತವೆ. ಅದರಲ್ಲಿ ಇಷ್ಟೇ ತುಂಡು ಸಿಗಲು ಎರಡರಷ್ಟು ಬಟ್ಟೆ ಬೇಕು.

ಕೆನೆಯ ಮೇಲೆ ಕೆಂಪು, ಒಳಬದಿ ಹೊರಗೆ ಬರುವಂತೆ ಜೋಡಿಸಿ ಕಾಲು ಇಂಚು ಒಳಗೆ ಹೊಲಿಯಿರಿ. ಲೈನಿಂಗ್ ಇದ್ದರೆ ಕೆನೆಯ ಬೆನ್ನಿಗೆ ತಾಗಿಸಿ ಒಟ್ಟಿಗೇ ಹಿಡಿಯಿರಿ. 14 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ. ಮೇಲಿನ ಮೂಲೆಯಿಂದ ತುದಿಗೆ ಇಳಿಯಿರಿ; ಕೊನೆಯ ಅರ್ಧ ಇಂಚಿಗೆ ಟಾಕಿ (ಹೊಲಿಗೆಯ ಹೆಜ್ಜೆ) ಸಣ್ಣ ಮಾಡಿ, ತುದಿಯಲ್ಲಿ ಒಂದೇ ಒಂದು ಅಡ್ಡ ಟಾಕಿ ಹಾಕಿ ಮೇಲೆ ಹೋಗಿ. ಚೂಪಾಗಿ ತಿರುಗಿಸಿದರೆ ಹೊಲಿಗೆಯಾಚೆ ಉಳಿದ ಬಟ್ಟೆಗೆ ಒಳಗೆ ಜಾಗವಿಲ್ಲದೆ ತುದಿ ಗಂಟಾಗುತ್ತದೆ. ಟಾಕಿಯಿಂದ ಎರಡು ಮಿಲಿಮೀಟರ್ ಬಿಟ್ಟು ತುದಿ ಕತ್ತರಿಸಿ, ಪಕ್ಕಗಳನ್ನೂ ಓರೆಯಾಗಿ ಸವರಿ ಮಗುಚಿ. ತುದಿ ದೂಡಲು ಹಿಡಿಸೂಡಿ ಕಡ್ಡಿ ಬೇಡ, ಬಟ್ಟೆ ತೂತಾಗುತ್ತದೆ. ಮುಗಿದ ಬಾಲ್ ಪೆನ್ ಸಾಕು. ಇಸ್ತ್ರಿ ಮೇಲಿನಿಂದ ಕೆಳಗೆ ಒತ್ತಬೇಕು, ಓರೆ ಪಕ್ಕಗಳ ಉದ್ದಕ್ಕೆ ಎಳೆದರೆ ಅಲೆಅಲೆಯಾಗುತ್ತದೆ.

ಟೇಪನ್ನು ಉದ್ದಕ್ಕೆ ಮಡಚಿ ಇಸ್ತ್ರಿ ಮಾಡಿ, ಪತಾಕೆಯ ಹೊಲಿಯದೆ ಬಿಟ್ಟ ಮೇಲಿನ ಅಂಚನ್ನು ಅದರೊಳಗೆ ಸಿಕ್ಕಿಸಿ, ಪತಾಕೆಗಳ ನಡುವೆ ಎರಡು ಇಂಚು ಎಡೆ ಬಿಟ್ಟು ಹೊಲಿಯಿರಿ. ಮೆಷಿನ್ ತಾನೇ ಎಳೆದುಕೊಳ್ಳಲಿ, ನೀವು ಕೈಯಿಂದ ಎಳೆದರೆ ಟೇಪು ಸುಕ್ಕುತ್ತದೆ. ಆರನೆಯ ಮತ್ತು ಹನ್ನೆರಡನೆಯ ಪತಾಕೆಯ ಬಳಿಕದ ಎಡೆಯಲ್ಲಿ ಅದೇ ಟೇಪಿನ ಸಣ್ಣ ಕುಣಿಕೆ ಸೇರಿಸಿ ಹೊಲಿಯಿರಿ, ಕೊಕ್ಕೆ ಅಲ್ಲಿಗೆ ಬರಲಿ. ಕಬ್ಬಿಣದ ಮೊಳೆಯೂ ಸೇಫ್ಟಿ ಪಿನ್ನೂ ನಮ್ಮ ಕರಾವಳಿಯ ಗಾಳಿಗೆ ತುಕ್ಕು ಹಿಡಿದು ಕಲೆ ಬಿಡುತ್ತವೆ, ಪ್ಲಾಸ್ಟಿಕ್ ಕೊಕ್ಕೆಯೇ ಮೇಲು.

ಮಡಿ ನಿಲ್ಲಲೆಂದು ಗಂಜಿ ಹಾಕುವವರಿದ್ದಾರೆ. ಓಣಂ ಬರುವುದು ಮಳೆ ಪೂರ್ತಿ ಬಿಡುವ ಮೊದಲೇ. ಗಂಜಿಯ ಮೇಲೆ ಬೂಷ್ಟು ಬೇಗ ಹಿಡಿಯುತ್ತದೆ. ಇರಿಚಲು ಬಡಿಯುವ ಜಗಲಿಯಲ್ಲೂ ಕಾಟನ್ ಕಟ್ಟಬೇಡಿ, ಅಲ್ಲಿಗೆ ನೈಲಾನ್ ಬಟ್ಟೆ. ಹಬ್ಬ ಮುಗಿದ ಮೇಲೆ ಪೂರ್ತಿ ಒಣಗಿಸಿ, ರಟ್ಟಿಗೆ ಸುತ್ತಿ ಬಟ್ಟೆ ಚೀಲದಲ್ಲಿಡಿ. ಪ್ಲಾಸ್ಟಿಕ್ ಒಳಗೆ ಉಳಿದ ತೇವ ಹೊರಗೆ ಹೋಗುವುದಿಲ್ಲ.

ಪಡುವಣಕ್ಕೆ ಮುಖಮಾಡಿದ ಅಂಗಡಿಯಲ್ಲಿ ಸಂಜೆ ಬಿಸಿಲಿಗೆ ಕೆಂಪು ಮೊದಲು ಮಾಸಬಹುದು. ಆಮೇಲೆ ನಡುವಿನ ಪತಾಕೆ ಹರಿದಾಗ ಉಳಿದ ತುಂಡುಗಳ ಹೊಸ ಪತಾಕೆಯನ್ನು ಅಲ್ಲೇ ಸಿಕ್ಕಿಸಿದರೆ ತೇಪೆಯಂತೆ ಎದ್ದು ಕಾಣುತ್ತದೆ. ಎರಡೂ ತುದಿಗೆ ಎರಡೆರಡಾಗಿ ಹಾಕಿ, ತುದಿಯಿಂದ ಬಿಚ್ಚಿದವುಗಳನ್ನು ನಡುವಿನ ಹರಿದವುಗಳ ಜಾಗಕ್ಕೆ ಬಳಸಿ.