ಫುಟ್ಬಾಲಲ್ಲಿ ಫಾರ್ವರ್ಡ್ ಒಬ್ಬನೇ ನುಗ್ಗಿ ಬಂದಾಗ ಕೀಪರ್ ಎಂತ ಮಾಡ್ಬೇಕು

ಮಳೆಗಾಲದಲ್ಲಿ ಮಂಗಳೂರಿನ ನೆಹರೂ ಮೈದಾನದಲ್ಲಿ ಗೋಲ್ ಕಾಯ್ಲಿಕ್ಕೆ ನಿಂತವರಿಗೆ ಇದು ಗೊತ್ತಿರ್ತದೆ, ನಮ್ಮ ಬ್ಯಾಕ್ (ಡಿಫೆಂಡರ್) ಕೆಸರಲ್ಲಿ ಜಾರಿ ಬಿದ್ದ, ಎದುರು ಟೀಮಿನ ಫಾರ್ವರ್ಡ್ ಬಾಲ್ ತಗೊಂಡು ಒಬ್ಬನೇ ಬರ್ತಾ ಇದ್ದಾನೆ, ಮಧ್ಯದಲ್ಲಿ ನೀವೊಬ್ರೇ. ಆಗ ಹೆಚ್ಚಿನ ಹುಡುಗ್ರು ಗೋಲ್ ಲೈನಿಗೆ ಅಂಟಿಕೊಂಡು ನಿಲ್ತಾರೆ, ಇಲ್ಲಾಂದ್ರೆ ಹಿಂದೆಮುಂದೆ ನೋಡದೆ ಓಡಿ ಹೋಗಿ ಬೀಳ್ತಾರೆ. ಮುಂದೆ ಹೋಗ್ಲೇಬೇಕು ಮಾರಾಯ್ರೆ, ಆದ್ರೆ ಯಾವಾಗ ಅನ್ನೋದ್ರಲ್ಲೇ ಎಲ್ಲ ಇರೋದು.

ಮುಂದೆ ಯಾಕೆ ಹೋಗ್ಬೇಕು ಅಂತ ಹಗ್ಗ ಕಟ್ಟಿ ನೋಡಿ. ಎರಡೂ ಪೋಸ್ಟಿಗೆ ಒಂದೊಂದು ಹಗ್ಗ ಕಟ್ಟಿ, ತುದಿಗಳನ್ನು ಗೋಲಿಂದ 11 ಮೀಟರ್ ದೂರದ ಪೆನಾಲ್ಟಿ ಸ್ಪಾಟಲ್ಲಿ ಒಟ್ಟಿಗೆ ಹಿಡಿಲಿಕ್ಕೆ ಒಬ್ರಿಗೆ ಹೇಳಿ, ನೀವು ನಡುವೆ ನಿಲ್ಲಿ. ಲೈನಲ್ಲಿ ಕಾಯ್ಬೇಕಾದ ಅಗಲ 7.32 ಮೀಟರ್, ಸಣ್ಣ ಬಾಕ್ಸಿನ ಗೆರೆಗೆ ಅಂದ್ರೆ 5.5 ಮೀಟರ್ ಮುಂದೆ ಬಂದ್ರೆ ಅದು ಅರ್ಧ ಆಗಿರ್ತದೆ, 3.66. ಒಮ್ಮೆ ಕಣ್ಣಾರೆ ನೋಡಿದ್ರೆ ಮತ್ತೆ ಲೈನಲ್ಲಿ ನಿಲ್ಲಿಕ್ಕೆ ಮನಸ್ಸೇ ಬರೋದಿಲ್ಲ.

ಈಗ ಟೈಮಿಂಗ್. ಅವನ ಮುಖ, ಭುಜ ನೋಡ್ಬೇಡಿ, ಬಾಲ್ ಮತ್ತು ಕಾಲಿನ ನಡುವಿನ ಜಾಗ ನೋಡಿ. ಬಾಲ್ ಕಾಲಿಂದ ದೂರ ಹೋಯ್ತಾ, ಓಡಿ, ಆಗ ಅವನಿಗೆ ಶೂಟೂ ಮಾಡ್ಲಿಕ್ಕಾಗೋದಿಲ್ಲ, ತಿರುಗಿಸ್ಲಿಕ್ಕೂ ಆಗೋದಿಲ್ಲ. ಬಾಲ್ ವಾಪಸ್ ಕಾಲಿಗೆ ಸಿಕ್ತಾ, ಅಲ್ಲೇ ನಿಲ್ಲಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಕೈ ಕೆಳಗೆ. ಅವನು ಹೊಡೆಯುವ ಹೊತ್ತಿಗೆ ನೀವು ಓಡ್ತಾ ಇರ್ಲೇಬಾರ್ದು. ನಾನು ಹೀಗೇ ಓಡ್ತಾ ಇದ್ದಾಗ ಬಾಲ್ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ ಹೋಗಿದೆ, ಕಾಲು ತಿರುಗಿಸ್ಲಿಕ್ಕೇ ಆಗ್ಲಿಲ್ಲ, ಅದು ಇವತ್ತಿಗೂ ಮನಸ್ಸಲ್ಲಿ ಉಂಟು. ಲೇಟಾಗಿ ಹೊರಡೋದಕ್ಕಿಂತ ಹೊರಡದೆ ಇರೋದೇ ವಾಸಿ.

ನಮ್ಮ ಊರಿನ ಮಳೆ ಇಲ್ಲಿ ಕೀಪರ್ ಕಡೆಗೇ ಉಂಟು. ಮ್ಯಾಚಿಗೆ ಮುಂಚೆ ಬಾಕ್ಸಲ್ಲಿ ಒಂದು ರೌಂಡ್ ನಡೆದು ನೀರು ಎಲ್ಲಿ ನಿಂತಿದೆ ನೋಡಿಟ್ಕೊಳ್ಳಿ, ಅಲ್ಲಿಗೆ ಬಂದ ಬಾಲ್ ತಟ್ಟಂತ ನಿಲ್ತದೆ, ಫಾರ್ವರ್ಡ್ ಅದನ್ನು ದಾಟಿ ಓಡಿರ್ತಾನೆ, ಬಾಲ್ ನಿಮ್ಮದು.

ಫಾರ್ವರ್ಡಿನ ಕಾಲ ಹತ್ರದ ಬಾಲಿಗೆ ಬೀಳುವಾಗ ಕೈ ಮೊದ್ಲು, ಮಂಡೆ ಕೈಯ ಹಿಂದೆ. ಗೋಲಿಗೆ ಅಡ್ಡ ಬರುವ ಹಾಗೆ ಪಕ್ಕಕ್ಕೆ ಉದ್ದ ಮಲಗಿ, ಒಂದು ಕೈ ಬಾಲಿನ ಹಿಂದೆ, ಇನ್ನೊಂದು ಮೇಲೆ. ಮುಖ ಮುಂದೆ ಕೊಟ್ಟು ಹಾರ್ಬೇಡಿ, ದಮ್ಮಯ್ಯ. ಚೆಲ್ಸಿಯ ಕೀಪರ್ ಪೀಟರ್ ಚೆಕ್‌ಗೆ 2006ರಲ್ಲಿ ಎದುರಾಳಿಯ ಮೊಣಕಾಲು ತಾಗಿ ತಲೆಬುರುಡೆ ಒಡೆದಿತ್ತು, ಆಮೇಲೆ ರಿಟೈರ್ ಆಗುವವರೆಗೂ ಹೆಡ್ ಗಾರ್ಡ್ ಹಾಕಿಯೇ ಆಡಿದ್ರು. ಈ ಬೀಳೋದನ್ನು ಪಣಂಬೂರಲ್ಲೋ ಮಲ್ಪೆಯಲ್ಲೋ ಬೀಚಿನ ಒಣ ಹೊಯ್ಗೆ (ಮರಳು) ಮೇಲೆ ಕಲೀರಿ, ಟರ್ಫಲ್ಲಿ ಶುರು ಮಾಡಿದ್ರೆ ಮೊಣಕೈ ಚರ್ಮ ಕಿತ್ತು ಹೋಗ್ತದೆ.

ಬೀಳ್ಲಿಕ್ಕೆ ಟೈಮ್ ಇಲ್ಲ, ಅವನು ಎರಡು ಮೀಟರಲ್ಲೇ ಇದ್ದಾನೆ ಅಂದ್ರೆ ಒಂದು ಮೊಣಕಾಲು ನೆಲಕ್ಕೆ, ಇನ್ನೊಂದು ಕಾಲು ಪಕ್ಕಕ್ಕೆ ಚಾಚಿ, ಎರಡೂ ಕೈ ಅಗಲಿಸಿ ಎದೆ ಎತ್ತಿ ಅಡ್ಡ ನಿಲ್ಲಿ. ದೂರದಿಂದಲೇ ಹೀಗೆ ಕೂತ್ರೆ ಮಾತ್ರ ಬಾಲನ್ನು ನಿಮ್ಮ ಮೇಲಿಂದ ಎತ್ತಿ ಚಿಪ್ ಮಾಡ್ತಾನೆ.

ದೊಡ್ಡ ಬಾಕ್ಸಿನ (ಪೆನಾಲ್ಟಿ ಏರಿಯಾ) ಹೊರಗೆ ಬಾಲಿಗೆ ಕೈ ಮುಟ್ಟಿಸ್ಲೇಬೇಡಿ, ಅವನ ಗೋಲ್ ಚಾನ್ಸ್ ಹಾಗೆ ತಪ್ಪಿಸಿದ್ರೆ ಸೀದಾ ರೆಡ್ ಕಾರ್ಡ್. ಅಲ್ಲಿ ಕಾಲಲ್ಲೇ ಹೊಡೀಬೇಕು, 2014ರ ವರ್ಲ್ಡ್ ಕಪ್ಪಲ್ಲಿ ಅಲ್ಜೀರಿಯಾ ಎದುರು ಜರ್ಮನಿಯ ಕೀಪರ್ ನೋಯರ್ ಮಾಡಿದ ಹಾಗೆ. ಹೊರಡುವಾಗ "ಕೀಪರ್!" ಅಂತ ಗಂಟಲು ಹರಿಯುವ ಹಾಗೆ ಕೂಗಿ, ಇಲ್ಲಾಂದ್ರೆ ನಿಮ್ಮ ಬ್ಯಾಕೇ ಬಂದು ನಿಮ್ಗೆ ಗುದ್ದುತ್ತಾನೆ.

ಹಿಡಿದ ಮೇಲೆ ಎದೆಗೆ ಒತ್ತಿಕೊಂಡು ಬೇಗ ಎದ್ದೇಳಿ. 2025ರಿಂದ ಹೊಸ ರೂಲ್, ಬಾಲ್ ಪೂರ್ತಿ ಕೈಗೆ ಬಂದ ಮೇಲೆ 8 ಸೆಕೆಂಡ್ ಮೀರಿದ್ರೆ ಎದುರಿನವರಿಗೆ ಕಾರ್ನರ್, ರೆಫ್ರಿ ಕೊನೆಯ 5 ಸೆಕೆಂಡ್ ಕೈ ಎತ್ತಿ ಬೆರಳಲ್ಲಿ ಎಣಿಸ್ತಾರೆ.