ಯೆನ್ ನೋಟು, ಎರಡು ಕಾರ್ಡು ಮತ್ತು ಅಮ್ಮನ ಅಡಿಕೆ ಸಂಚಿ

2024ರ ನವೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಜಪಾನಿಗೆ ಹೋಗಿ ಬಂದೆ. ಟೋಕಿಯೊದಲ್ಲಿ ನಾಲ್ಕು ರಾತ್ರಿ, ಕ್ಯೋಟೊದಲ್ಲಿ ನಾಲ್ಕು ರಾತ್ರಿ, ಅಷ್ಟೇ. ವೀಸಾ, ವಿಮಾನ, ವಸತಿ ಎಲ್ಲವೂ ಒಂದೊಂದಾಗಿ ಕೂಡಿಬಂದವು. ಹಣವನ್ನು ಯಾವ ರೂಪದಲ್ಲಿ ಒಯ್ಯಬೇಕು ಎಂಬುದೊಂದೇ ಕೊನೆಯ ವಾರದವರೆಗೂ ಬಗೆಹರಿಯಲಿಲ್ಲ. ಹೋಗಿ ಬಂದವರನ್ನು ಕೇಳಿದೆ. ಒಬ್ಬರು "ಜಪಾನ್ ಎಂದರೆ ನಗದು, ಕಾರ್ಡನ್ನು ನಂಬಿ ಹೋಗಬೇಡಿ" ಎಂದರು. ಇನ್ನೊಬ್ಬರು "ನೋಟು ಕಟ್ಟಿಕೊಂಡು ಓಡಾಡುವ ಕಾಲ ಹೋಯಿತು, ಎಲ್ಲ ಕಡೆ ಕಾರ್ಡು ನಡೆಯುತ್ತದೆ" ಎಂದರು. ಆಮೇಲೆ ವಿಚಾರಿಸಿದರೆ, ಮೊದಲನೆಯವರು ದೇವಾಲಯಗಳನ್ನು ಸುತ್ತಿದವರು, ಎರಡನೆಯವರು ಕಂಪನಿ ಕೆಲಸಕ್ಕೆ ಹೋಗಿ ದೊಡ್ಡ ಹೋಟೆಲಿನಲ್ಲಿ ಉಳಿದವರು.

ನಾನು ಶಿವಮೊಗ್ಗದಲ್ಲಿ ಲೆಕ್ಕಪತ್ರ ನೋಡುವ ಕೆಲಸ ಮಾಡುತ್ತೇನೆ. ಗೊಂದಲವಾದಾಗ ಹಾಳೆಯ ನಡುವೆ ಒಂದು ಗೆರೆ ಎಳೆಯುವುದು ರೂಢಿ. ಎಡಕ್ಕೆ ಖರ್ಚುಗಳನ್ನು ಬರೆದೆ. ಬಲಕ್ಕೆ ಮೊತ್ತ ಬರೆಯುವ ಬದಲು, ಆ ಹಣ ಯಾರ ಕೈ ಸೇರುತ್ತದೆ ಎಂದು ಬರೆದೆ. ರೈಲು ಕಂಪನಿ, ಹೋಟೆಲು, ದೊಡ್ಡ ಅಂಗಡಿ ಒಂದು ಕಡೆ ಆದವು. ದೇವಾಲಯದ ಟಿಕೆಟ್ ಕೊಡುವವರು, ಬಸ್ಸಿನ ಹಣದ ಪೆಟ್ಟಿಗೆ, ಕ್ಯೋಟೊ ಹತ್ತಿರದ ನಾರಾ ಊರಿನಲ್ಲಿ ಜಿಂಕೆಗೆ ಬಿಸ್ಕತ್ತು ಮಾರುವ ಅಜ್ಜಿ, ನಾಣ್ಯ ನುಂಗಿ ಬೀಗ ಹಾಕಿಕೊಳ್ಳುವ ಲಾಕರು ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ ನಾಲ್ಕೈದೇ ಬಾಬತ್ತು, ಆದರೆ ಒಟ್ಟು ಖರ್ಚಿನ ಮುಕ್ಕಾಲು ಪಾಲಿನ ಹತ್ತಿರ ಅಲ್ಲಿಯೇ ಇತ್ತು. ಎರಡನೆಯದರಲ್ಲಿ ಹಣ ಕಡಿಮೆ, ಆದರೆ ದಿನಕ್ಕೆ ಹತ್ತು ಸಲ ಕೈ ಚೀಲಕ್ಕೆ ಹೋಗುವಂಥ ಖರ್ಚುಗಳು. ದೇಶಕ್ಕೆ ದೇಶವನ್ನೇ "ನಗದಿನದು", "ಕಾರ್ಡಿನದು" ಎಂದು ವಿಂಗಡಿಸುವುದನ್ನು ನಾನು ಅಂದೇ ಬಿಟ್ಟೆ.

ನಗದು 60,000 ಯೆನ್ ಕೊಂಡೆ. ಆಗ ನೂರು ಯೆನ್‌ಗೆ ಮಾರುಕಟ್ಟೆಯ ದರ ಸುಮಾರು 55 ರೂಪಾಯಿ. ವಿನಿಮಯದ ಅಂಗಡಿಯಲ್ಲಿ ಕೊಟ್ಟದ್ದು 57 ರೂಪಾಯಿ 50 ಪೈಸೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಕೇಳುತ್ತಿದ್ದರು. ಊರಿನಲ್ಲೇ ಮೂರು ಕಡೆ ಫೋನ್ ಮಾಡಿ, ಜಿಎಸ್‌ಟಿ ಸೇರಿ ಕೊನೆಗೆ ಎಷ್ಟು ಕೊಡಬೇಕಾಗುತ್ತದೆ ಎಂದು ಕೇಳುವುದು ಒಳ್ಳೆಯದು. ಬರಿಯ ದರ ಕೇಳಿದರೆ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಪಾಸ್‌ಪೋರ್ಟ್, ಪಾನ್ ಕಾರ್ಡು, ಟಿಕೆಟ್ ತೋರಿಸಿದೆ, ಬ್ಯಾಂಕಿನಿಂದಲೇ ಹಣ ವರ್ಗಾಯಿಸಿದೆ.

ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಖರ್ಚು ಮಾಡುವ ಫೋರೆಕ್ಸ್ ಕಾರ್ಡಿಗೆ 1,50,000 ಯೆನ್ ತುಂಬಿಸಿದೆ. ತುಂಬಿಸಿದ ದಿನದ ದರವೇ ಕೊನೆಯವರೆಗೂ ಉಳಿಯುವುದರಿಂದ ಲೆಕ್ಕ ಹಿಡಿತದಲ್ಲಿರುತ್ತದೆ. ಆದರೆ ಹೋಗುವ ದೇಶದ ಕರೆನ್ಸಿಯಲ್ಲೇ ತುಂಬಿಸಬೇಕು. ಡಾಲರ್ ತುಂಬಿಸಿ ಯೆನ್ ಖರ್ಚು ಮಾಡಿದರೆ ಪರಿವರ್ತನೆಗೆ ಮತ್ತೊಂದು ಶುಲ್ಕ ಬೀಳುತ್ತದೆ. ಮೂರನೆಯದು ನನ್ನ ಮಾಮೂಲು ಕ್ರೆಡಿಟ್ ಕಾರ್ಡು. ವಿದೇಶಿ ವ್ಯವಹಾರಕ್ಕೆ ಅದರ ಶುಲ್ಕ ಶೇ 3.5, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ಶೇ 4.13. ಒಂದು ಲಕ್ಷ ರೂಪಾಯಿ ಖರ್ಚು ಮಾಡಿದರೆ 4,130 ರೂಪಾಯಿ ಹೆಚ್ಚಿಗೆ ತೆರಬೇಕು. ಆದ್ದರಿಂದ ಅದನ್ನು ಎರಡಕ್ಕೇ ಮೀಸಲಿಟ್ಟೆ: ಹೋಟೆಲಿನಲ್ಲಿ ಮುಂಗಡವಾಗಿ ಹಿಡಿದಿಡುವ ಮೊತ್ತಕ್ಕೆ ಮತ್ತು ಆಪತ್ಕಾಲಕ್ಕೆ. ಹೋಟೆಲಿನವರು ಹಿಡಿದಿಟ್ಟ ಹಣ ಬಿಡುಗಡೆಯಾಗಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಫೋರೆಕ್ಸ್ ಅಥವಾ ಡೆಬಿಟ್ ಕಾರ್ಡಾದರೆ ನಮ್ಮದೇ ಹಣ ಪ್ರವಾಸದ ನಡುವೆ ನಮಗೆ ಸಿಗದಂತಾಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಮಿತಿ ಕಡಿಮೆಯಾಗುತ್ತದೆ, ಅಷ್ಟೇ. ಅದೇ ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ಮಾತ್ರ ಹಣ ತೆಗೆಯಬಾರದು. ಬಡ್ಡಿ ತೆಗೆದ ದಿನದಿಂದಲೇ ಓಡುತ್ತದೆ.

ಇನ್ನೊಂದು ಮಾತು. ನಮ್ಮ ಬ್ಯಾಂಕುಗಳು ಕೊಡುವ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿನಿಂದಲೇ ಮುಚ್ಚಿರುತ್ತದೆ. ರಿಸರ್ವ್ ಬ್ಯಾಂಕಿನ 2020ರ ನಿಯಮ ಅದು, ಒಳ್ಳೆಯ ನಿಯಮ. ಆದರೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂಗಡಿ, ಎಟಿಎಂ, ಆನ್‌ಲೈನ್, ತಾಗಿಸಿ ಪಾವತಿ ಎಂದು ನಾಲ್ಕು ಗುಂಡಿಗಳಿರುತ್ತವೆ. ಒಂದನ್ನು ತೆರೆದರೆ ಉಳಿದವು ತಾವಾಗಿ ತೆರೆದುಕೊಳ್ಳುವುದಿಲ್ಲ. ಮನೆಯಲ್ಲಿ ಕೂತು ನಾಲ್ಕನ್ನೂ ನೋಡಿಕೊಂಡೆ, ಎರಡೂ ಕಾರ್ಡುಗಳ ಪಿನ್ ಬಾಯಿಪಾಠ ಮಾಡಿದೆ. ಟೋಕಿಯೊ ನಿಲ್ದಾಣದ ಟಿಕೆಟ್ ಯಂತ್ರ ಪಿನ್ ಕೇಳಿದಾಗ ಇದರ ಬೆಲೆ ತಿಳಿಯಿತು. ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲಿಗೆ ಕ್ಯೋಟೊವರೆಗೆ ಒಬ್ಬರಿಗೆ ಸುಮಾರು 14,000 ಯೆನ್. ಅಂಥ ಮೊತ್ತಕ್ಕೆ ಯಂತ್ರದ ಮುಂದೆ ನಿಂತು ತಡವರಿಸುವುದು ಬೇಡ.

ನರಿತಾ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಇಬ್ಬರಿಗೂ ಪ್ರವಾಸಿಗರ ಸುಯಿಕಾ ಕಾರ್ಡು ಕೊಂಡೆ. ನಮ್ಮ ಮೆಟ್ರೊ ಕಾರ್ಡಿನಂಥದು, 28 ದಿನ ನಡೆಯುತ್ತದೆ. ರೈಲು, ಬಸ್ಸು, ಸಣ್ಣ ದಿನಸಿ ಅಂಗಡಿ ಎಲ್ಲದಕ್ಕೂ ಆಗುತ್ತದೆ, ಉಳಿದ ಹಣ ಮಾತ್ರ ವಾಪಸು ಬರುವುದಿಲ್ಲ. ಅದಕ್ಕೆ ಮತ್ತೆ ಹಣ ತುಂಬಬೇಕೆಂದರೆ ನಿಲ್ದಾಣದ ಯಂತ್ರಗಳು ಹೆಚ್ಚಾಗಿ ನೋಟನ್ನೇ ಕೇಳುತ್ತವೆ. ಕಾರ್ಡಿಗೂ ಕೊನೆಗೆ ನೋಟೇ ಬೇಕಾಯಿತಲ್ಲ ಎಂದು ಅಮ್ಮ ಆಶ್ಚರ್ಯಪಟ್ಟರು.

ನನ್ನ ಲೆಕ್ಕ ತಪ್ಪಿದ್ದು ಕ್ಯೋಟೊದಲ್ಲಿ, ಎರಡನೆಯ ದಿನ. ಅಲ್ಲಿನ ನಗರ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಬೇಕು, ಮುಂದಿನ ಬಾಗಿಲಿನಲ್ಲಿ ಚಾಲಕನ ಪಕ್ಕ ಹಣ ಹಾಕಿ ಇಳಿಯಬೇಕು. ನಗರದ ಒಳಭಾಗದಲ್ಲಿ ಎಲ್ಲಿ ಹತ್ತಿದರೂ ಎಲ್ಲಿ ಇಳಿದರೂ ಆಗ 230 ಯೆನ್. ಪೆಟ್ಟಿಗೆ ಚಿಲ್ಲರೆ ವಾಪಸು ಕೊಡುವುದಿಲ್ಲ. ಪಕ್ಕದಲ್ಲೇ ನೋಟು ಮುರಿಸುವ ಯಂತ್ರವಿರುತ್ತದೆ, ಅದು 1,000 ಯೆನ್ ನೋಟಿಗೆ ಮಾತ್ರ. ಊರಿನಲ್ಲಿ ಕೊಂಡ ನನ್ನ ನೋಟುಗಳು ಎಲ್ಲವೂ 10,000ದವು. ಮೊದಲ ದಿನ ಮುರಿಸಿದ್ದು ಖಾಲಿಯಾಗಿತ್ತು. ನನ್ನ ಸುಯಿಕಾ ತಾಗಿಸಿ ನಾನು ಇಳಿಯಲು ನಿಂತೆ. ಅಮ್ಮನ ಕಾರ್ಡಿನಲ್ಲಿ 90 ಯೆನ್ ಮಾತ್ರ ಇತ್ತು, ಯಂತ್ರ ಕೂಗಿಕೊಂಡಿತು. ಹಿಂದೆ ಹತ್ತು ಹನ್ನೆರಡು ಜನ. ಯಾರೂ ತುಟಿ ಬಿಚ್ಚಲಿಲ್ಲ, ನನಗೆ ಅದೇ ಇನ್ನಷ್ಟು ಕಷ್ಟವಾಯಿತು. ನಾನು ಚೀಲದಲ್ಲಿ ಕೈಯಾಡಿಸುತ್ತಿರುವಾಗಲೇ ಅಮ್ಮ ಸೊಂಟದಿಂದ ಅಡಿಕೆ ಸಂಚಿ ತೆಗೆದರು. ಅದರಲ್ಲಿ ನಾಲ್ಕು ಪದರಗಳಿವೆ. ಎಲೆ ಇಡುವ ಪದರದಲ್ಲಿ ನೂರರ ನಾಣ್ಯ, ಅಡಿಕೆ ಪದರದಲ್ಲಿ ಹತ್ತರವು, ಸುಣ್ಣದ ಡಬ್ಬಿಯ ಜಾಗದಲ್ಲಿ ಒಂದು ಮತ್ತು ಐದರವು. ಎರಡು ನೂರು, ಮೂರು ಹತ್ತು ಎಣಿಸಿ ಪೆಟ್ಟಿಗೆಗೆ ಹಾಕಿದರು. ಚಾಲಕ ತಲೆ ಬಾಗಿಸಿದ, ಅಮ್ಮನೂ ಬಾಗಿಸಿದರು.

ಕೆಳಗಿಳಿದ ಮೇಲೆ ಕೇಳಿದೆ, "ಇಷ್ಟು ಚಿಲ್ಲರೆ ಎಲ್ಲಿಂದ ಬಂತಮ್ಮ?" "ನೀನು ಟೇಬಲ್ ಮೇಲೆ ಬಿಟ್ಟು ಹೋಗುತ್ತೀಯಲ್ಲ, ಅದನ್ನೇ ಆಯ್ದು ಇಟ್ಟುಕೊಂಡೆ" ಎಂದರು.

ನಮಗೆ ನಾಣ್ಯವೆಂದರೆ ಬೆಲೆಯಿಲ್ಲದ ಚಿಲ್ಲರೆ ಎಂಬ ಭಾವನೆ ರಕ್ತದಲ್ಲೇ ಇಳಿದಿದೆ. ಅಲ್ಲಿ 500 ಯೆನ್ ಕೂಡ ನಾಣ್ಯ. ಆಗಿನ ದರದಲ್ಲಿ ನಮ್ಮ 275 ರೂಪಾಯಿ! ಹೋಟೆಲಿನ ಮೇಜಿನ ಮೇಲೆ ನಾನು ಬಿಟ್ಟು ಹೋಗುತ್ತಿದ್ದ ಬೊಗಸೆ ನಾಣ್ಯದಲ್ಲಿ ಒಂದು ಹೊತ್ತಿನ ಊಟವೇ ಇತ್ತು. ಅಂದಿನಿಂದ ಬೆಳಿಗ್ಗೆ ಹೊರಡುವ ಮೊದಲು ಇಬ್ಬರೂ ಕೂತು ಸಂಚಿ ಜೋಡಿಸಿಕೊಳ್ಳುತ್ತಿದ್ದೆವು: ಬಸ್ಸಿಗೆ ಇಷ್ಟು, ಲಾಕರಿಗೆ ನೂರರ ನಾಣ್ಯ ಇಷ್ಟು, ಕಾಣಿಕೆಗೆ ತೂತಿನ ಐದು ಯೆನ್. ಐದು ಯೆನ್ ಎಂಬುದನ್ನು ಅವರು "ಗೋ ಎನ್" ಎನ್ನುತ್ತಾರೆ. ನಂಟು, ಋಣಾನುಬಂಧ ಎಂಬ ಅರ್ಥದ ಮಾತೂ ಹಾಗೆಯೇ ಕೇಳಿಸುವುದರಿಂದ ದೇವರ ಮುಂದೆ ಹಾಕಲು ಅದೇ ನಾಣ್ಯವನ್ನು ಹುಡುಕುತ್ತಾರೆ. ಅಮ್ಮನಿಗೆ ಇದು ತುಂಬ ಹಿಡಿಸಿತು.

ಕ್ಯೋಟೊದ ಕಿಂಕಾಕುಜಿ ದೇವಾಲಯದ ಪ್ರವೇಶಕ್ಕೆ ಆಗ 500 ಯೆನ್, ನಗದು. ನಾರಾದ ಜಿಂಕೆ ಬಿಸ್ಕತ್ತು ಒಂದು ಕಟ್ಟಿಗೆ ಆಗ 200, ನಗದು. ನಾವು ಉಳಿದ ಸಣ್ಣ ವಸತಿಗೃಹದ ಬಾಡಿಗೆಯನ್ನು ಊರಿನಿಂದಲೇ ಕೊಟ್ಟಿದ್ದೆ. ಆದರೂ ಕ್ಯೋಟೊ ನಗರದ ವಸತಿ ತೆರಿಗೆ, ರಾತ್ರಿಗೆ ಒಬ್ಬರಿಗೆ 200 ಯೆನ್‌ನಂತೆ ಇಬ್ಬರಿಗೆ ನಾಲ್ಕು ರಾತ್ರಿಗೆ 1,600, ಬಾಗಿಲಲ್ಲೇ ಎಣಿಸಿ ಕೊಡಬೇಕಾಯಿತು. ಗಲ್ಲಾದ ಮುಂದೆ ಒಂದು ಪುಟ್ಟ ತಟ್ಟೆ ಇಟ್ಟಿರುತ್ತಾರೆ, ಹಣವನ್ನು ಕೈಗೆ ಕೊಡದೆ ಅದರಲ್ಲಿ ಇಡಬೇಕು. ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ.

ಆ ವರ್ಷ ಜುಲೈ 3ರಂದು ಅಲ್ಲಿ ಹೊಸ ನೋಟುಗಳು ಬಂದಿದ್ದವು. ಒಂದು ಸಣ್ಣ ಊಟದ ಮನೆಯಲ್ಲಿ ಟಿಕೆಟ್ ಕೊಡುವ ಯಂತ್ರ ನನ್ನ ಹೊಸ ಸಾವಿರದ ನೋಟನ್ನು ಮೂರು ಸಲ ಉಗುಳಿತು. ಮಾಲೀಕರು ಒಳಗಿನಿಂದ ಬಂದು ಹಳೆಯ ನೋಟು ಕೊಟ್ಟು ಬದಲಿಸಿಕೊಂಡರು. ನೋಟು ಕೈಯಲ್ಲಿದ್ದರೆ ನಿಶ್ಚಿಂತೆ ಎನ್ನುವವರೂ ಇದನ್ನು ಗಮನದಲ್ಲಿಡಬೇಕು.

ಕಾರ್ಡಿನ ಪಾಠ ಟೋಕಿಯೊದ ಒಂದು ದೊಡ್ಡ ಮಳಿಗೆಯಲ್ಲಿ ಆಯಿತು. ಎರಡು ಕಾರ್ಡುಗಳನ್ನು ಎಂದೂ ಒಂದೇ ಚೀಲದಲ್ಲಿ ಇಡುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದೆ. ಅಂದು ಫೋರೆಕ್ಸ್ ಕಾರ್ಡು ಕೋಣೆಯ ಲಾಕರಿನಲ್ಲಿತ್ತು, ಕ್ರೆಡಿಟ್ ಕಾರ್ಡು ನನ್ನ ಬಳಿ. ಅಡುಗೆಮನೆಗೆ ಒಂದು ಚಾಕು ಕೊಂಡೆ, 8,800 ಯೆನ್. ಕಾರ್ಡು ತಾಗಿಸಿದಾಗ ಯಂತ್ರದ ಪರದೆಯಲ್ಲಿ ಎರಡು ಸಾಲು ಮೂಡಿದವು, ಮೇಲೆ ಯೆನ್, ಕೆಳಗೆ ರೂಪಾಯಿ. ಭಾರತದವರಿಗೆ ಅನುಕೂಲವಾಗಲಿ ಎಂದುಕೊಂಡೋ ಏನೋ, ಮಾರಾಟದ ಹುಡುಗಿ ತಾನೇ ರೂಪಾಯಿಯ ಸಾಲನ್ನು ಒತ್ತಿದಳು. ಚೀಟಿ ಬಂತು: 5,180 ರೂಪಾಯಿ.

ಚೀಟಿ ಹಿಡಿದು ಅಲ್ಲೇ ಲೆಕ್ಕ ಹಾಕಿದೆ. ಅಂದಿನ ದರದಲ್ಲಿ 8,800 ಯೆನ್ ಎಂದರೆ 4,840 ರೂಪಾಯಿ. ನನ್ನ ಬ್ಯಾಂಕಿನ ಶೇ 4.13 ಸೇರಿಸಿದರೂ 5,040. ಅಂದರೆ ರೂಪಾಯಿ ಆರಿಸಿದ್ದಕ್ಕೆ 140 ರೂಪಾಯಿ ನಷ್ಟ, ಅದೂ ಅಲ್ಲಿಗೆ ನಿಲ್ಲುವುದಿಲ್ಲ. ವಿದೇಶದಲ್ಲಿ ರೂಪಾಯಿಯಲ್ಲೇ ನಡೆದ ವ್ಯವಹಾರಕ್ಕೂ ನಮ್ಮ ಹಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಪರಿವರ್ತನೆಯ ದರವನ್ನು ಅಂಗಡಿಯ ಕಡೆಯ ಯಂತ್ರದವರು ತಮಗೆ ಬೇಕಾದಂತೆ ಇಟ್ಟುಕೊಂಡಿರುತ್ತಾರೆ, ರೂಪಾಯಿಯಲ್ಲಿ ಮೊತ್ತ ಕಂಡ ಸಮಾಧಾನಕ್ಕೆ ನಾವು ಒಪ್ಪಿಬಿಡುತ್ತೇವೆ. ನಾನು ಮೆಲ್ಲಗೆ "ಯೆನ್, ಯೆನ್" ಎಂದು ಮೇಲಿನ ಸಾಲನ್ನು ತೋರಿಸಿದೆ. ಆಕೆ ಒಂದು ಮಾತೂ ಆಡದೆ ಹಿಂದಿನದನ್ನು ರದ್ದು ಮಾಡಿ ಹೊಸದಾಗಿ ಬಿಲ್ಲು ಮಾಡಿಕೊಟ್ಟಳು. ಆಮೇಲೆ ಕಾರ್ಡು ಕೊಡುವ ಮೊದಲೇ "ಯೆನ್" ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ. ಎಟಿಎಂಗಳೂ ಇದೇ ಪ್ರಶ್ನೆ ಕೇಳಬಹುದು, ಉತ್ತರವೂ ಇದೇ.

ಆರನೆಯ ದಿನ ನಗದು ಕರಗುತ್ತಾ ಬಂತು. ಸೆವೆನ್ ಇಲೆವೆನ್ ಅಂಗಡಿಯೊಳಗಿನ ಎಟಿಎಂನಲ್ಲಿ ಫೋರೆಕ್ಸ್ ಕಾರ್ಡಿನಿಂದ ಒಂದೇ ಸಲಕ್ಕೆ 20,000 ಯೆನ್ ತೆಗೆದೆ. ಪ್ರತಿ ಸಲಕ್ಕೂ ಶುಲ್ಕ ಇರುವುದರಿಂದ ಐದೈದು ಸಾವಿರ ತೆಗೆಯುವುದು ಹಣವನ್ನು ನೀರಿಗೆ ಹಾಕಿದಂತೆ. ತೆಗೆದ ಕೂಡಲೇ ಅದೇ ಅಂಗಡಿಯಲ್ಲಿ ಒಂದು ನೀರಿನ ಬಾಟಲಿ ಕೊಂಡು 10,000ದ ನೋಟು ಮುರಿಸಿದೆ. ಅಲ್ಲಿ ದೊಡ್ಡ ನೋಟಿಗೆ ಯಾರೂ ಮುಖ ಸಿಂಡರಿಸುವುದಿಲ್ಲ. ಬಸ್ಸಿನ ಪ್ರಸಂಗ ಮೊದಲ ದಿನವೇ ಹೀಗೆ ಮಾಡಿದ್ದರೆ ಆಗುತ್ತಲೇ ಇರಲಿಲ್ಲ.

ಊರಿಗೆ ಬಂದು ಕೂಡಿ ನೋಡಿದೆ. ಫೋರೆಕ್ಸ್ ಕಾರ್ಡಿನಲ್ಲಿ ರೈಲಿಗೆ ಸುಮಾರು 56,000, ಟೋಕಿಯೊ ಹೋಟೆಲಿಗೆ ಸುಮಾರು ಅಷ್ಟೇ, ಎಟಿಎಂ 20,000, ಮಿಕ್ಕದ್ದು ಅಂಗಡಿಗಳಿಗೆ. ಉಳಿದದ್ದು 4,000ಕ್ಕೂ ಕಡಿಮೆ. ನಗದು ಒಟ್ಟು 80,000ದಲ್ಲಿ 3,000 ಯೆನ್ ನೋಟು ಉಳಿಯಿತು. ಹೊರಡುವಾಗ 60,000ದ ಬದಲು 80,000 ಕೊಂಡಿದ್ದರೂ ಆಗುತ್ತಿತ್ತು, ಎಟಿಎಂ ಶುಲ್ಕ ಉಳಿಯುತ್ತಿತ್ತು. ಇಡೀ 2,10,000 ಯೆನ್ನನ್ನೇ ನೋಟಾಗಿ ಒಯ್ದಿದ್ದರೆ ಕಳೆದುಹೋಗುವ ಭಯದಲ್ಲಿ ಅಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ.

ನಾಣ್ಯಗಳನ್ನು ವಿನಿಮಯದ ಅಂಗಡಿಗಳು ಸಾಮಾನ್ಯವಾಗಿ ಕೊಳ್ಳುವುದಿಲ್ಲ. ಆದ್ದರಿಂದ ಕೊನೆಯ ಸಂಜೆ ನರಿತಾದ ಒಂದು ದಿನಸಿ ಅಂಗಡಿಯಲ್ಲಿ ಎರಡು ಬಾಟಲಿ ಹಸಿರು ಚಹಾ, ಒಂದು ಪೊಟ್ಟಣ ಅಕ್ಕಿಯ ಬಿಸ್ಕತ್ತು ಕೊಂಡೆವು. ಮೊದಲು ಎರಡೂ ಸುಯಿಕಾ ಖಾಲಿ ಮಾಡಿಸಿ, ಕಡಿಮೆ ಬಿದ್ದದ್ದನ್ನು ನಾಣ್ಯದಲ್ಲಿ ಕೊಡುತ್ತೇವೆ ಎಂದು ಸನ್ನೆಯಲ್ಲೇ ಹೇಳಿದೆ. ಅಂಗಡಿಯವನಿಗೆ ಅದು ದಿನನಿತ್ಯದ ಕೆಲಸ. ಅಮ್ಮ ಸಂಚಿಯನ್ನು ತಟ್ಟೆಯ ಮೇಲೆ ಬಗ್ಗಿಸಿ ಒಂದೊಂದೇ ನಾಣ್ಯ ಜೋಡಿಸಿದರು. ಕೊನೆಗೆ ಐದರ ನಾಣ್ಯ ಮೂರು ಉಳಿದವು. ಅವನ್ನು ಮಾತ್ರ ಕೊಡಲಿಲ್ಲ, ಸುಣ್ಣದ ಡಬ್ಬಿಯ ಜಾಗದಲ್ಲೇ ಹಾಕಿ ಸಂಚಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.