ಟಿಯರ್‌ಡ್ರಾಪ್ ಟ್ರೈಲರ್‌ನ ಹೊರಮೈಗೆ ನಾನು ಹಾಕಿದ್ದೇನು

ಟಿಯರ್‌ಡ್ರಾಪ್ ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ, ನೀರಹನಿ ಆಕಾರದ ಪುಟ್ಟ ಕ್ಯಾಂಪಿಂಗ್ ಟ್ರೈಲರ್. ಇದನ್ನು ಮನೆಯಲ್ಲೇ ಕಟ್ಟಲು ಹೊರಟವರೆಲ್ಲ ಕೇಳುವುದು ಒಂದೇ: ಹೊರಗಡೆಗೆ ಏನು ಹಾಕೋದು? ಅಲ್ಯೂಮಿನಿಯಮ್ಮಾ, ಫೈಬರ್‌ಗ್ಲಾಸಾ, ಬರೀ ವಾರ್ನಿಷಾ? ನನ್ನ ಲೆಕ್ಕ ಬೇರೆ. ಒಳ್ಳೆ ಶೀಟ್ ಯಾವುದಾದರೂ ನೀರು ತಡೆಯುತ್ತದೆ. ನೀರು ನುಗ್ಗುವುದು ಸಂದಿನಲ್ಲಿ, ಅಂಚಿನಲ್ಲಿ, ಸ್ಕ್ರೂ ತೂತಿನಲ್ಲಿ. ಹಾಗಾಗಿ ಯಾವುದನ್ನು ಹಾಕಿದರೆ ಸಂದು ಕಮ್ಮಿಯಾಗುತ್ತದೆ, ಕೆಟ್ಟರೆ ಯಾವುದನ್ನು ನಾನೇ ಸರಿಮಾಡಿಕೊಳ್ಳಬಹುದು ಅಂತ ನೋಡಿ ತೀರ್ಮಾನ ಮಾಡಿದೆ.

ನಾನಿರುವುದು ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ, ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಇಲ್ಲಿನವರು ತಮ್ಮೂರಲ್ಲಿ ಭಾರೀ ಮಳೆ ಅಂದಾಗ ನಗು ಬರುತ್ತದೆ. ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರ್ ಆಸುಪಾಸು. ಆಗುಂಬೆಯ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ! ಆದರೆ ಪ್ಲೈವುಡ್ ಕೇಳಿದರೆ ಇಲ್ಲಿನ ಮಳೆಗೇ ಹೆದರುತ್ತದೆ. ಅಕ್ಟೋಬರ್‌ನಿಂದ ಮೇ ತನಕ ಜಿಟಿಜಿಟಿ, ಜೊತೆಗೆ ಚಳಿ. ಒಮ್ಮೆ ಒದ್ದೆಯಾದ ಮರಕ್ಕೆ ಒಣಗಲು ಪುರುಸೊತ್ತೇ ಸಿಗುವುದಿಲ್ಲ.

ನನ್ನ ಟ್ರೈಲರ್ ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ. ಪಕ್ಕದ ಗೋಡೆಗಳು ಅರ್ಧ ಇಂಚಿನ ಪ್ಲೈವುಡ್. ಮಾಡಿಗೆ, ಅಂದರೆ ಛಾವಣಿಗೆ, ತೆಳು ಪ್ಲೈವುಡ್ ಎರಡು ಪದರ ಬಗ್ಗಿಸಿ ಹಾಕಿದ್ದೇನೆ. ಹಿಂದೆ ಮೇಲಕ್ಕೆತ್ತುವ ಮುಚ್ಚಳ, ಅದರಡಿ ಅಡುಗೆ ಕಟ್ಟೆ.

ವಾರ್ನಿಷ್ ಹೊಡೆದ ಮರ ನೋಡಲು ಏನು ಚೆಂದ! ಆದರೆ ಒಂದೆರಡು ವರ್ಷಕ್ಕೊಮ್ಮೆ ಉಜ್ಜಿ ಮತ್ತೆ ಹೊಡೆಯಬೇಕು. ಶೆಡ್ಡಿನೊಳಗೆ ನಿಲ್ಲಿಸುವವರಿಗೆ ಸರಿ, ನನ್ನದು ಬಯಲಲ್ಲೇ ನಿಲ್ಲುತ್ತದೆ. ಕ್ಯಾನ್ವಾಸ್ ಬಟ್ಟೆಯನ್ನು ನೀರು ಬೆರೆಸಿದ ಮರದ ಗೋಂದಿನಲ್ಲಿ ಅಂಟಿಸಿ, ಮೇಲೆ ಮನೆಗೆ ಹೊಡೆಯುವ ಹೊರಗೋಡೆ ಪೇಂಟ್ ಬಳಿಯುವುದೂ ಉಂಟು. 'ಬಡವರ ಫೈಬರ್‌ಗ್ಲಾಸ್' ಅನ್ನುತ್ತಾರೆ. ಹೆಸರು ಕೇಳಿ ತಾತ್ಸಾರ ಮಾಡಬೇಡಿ, ಒಣ ಊರಲ್ಲಿದ್ದು ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಅಂಗಡಿಯಲ್ಲಿ ಸಿಗುವ ಉಬ್ಬುತಗ್ಗಿನ ಬಿಳಿ ಫೈಬರ್ ಶೀಟ್ ಬಚ್ಚಲ ಗೋಡೆಗೆ ಮಾಡಿದ್ದು, ಬಿಸಿಲಿಗಲ್ಲ. ಅದನ್ನು ಬಿಟ್ಟೆ.

ಕೊನೆಗೆ ಮಾಡಿಗೆ ಅಲ್ಯೂಮಿನಿಯಮ್, ಪಕ್ಕಕ್ಕೆ ಎಪಾಕ್ಸಿ ಮತ್ತು ಫೈಬರ್‌ಗ್ಲಾಸ್ ಬಟ್ಟೆ ಅಂತ ಆಯಿತು. ಎಪಾಕ್ಸಿ ಅಂದರೆ ರೆಸಿನ್, ಹಾರ್ಡ್ನರ್ ಎಂಬ ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು. ಫೈಬರ್‌ಗ್ಲಾಸ್ ಬಟ್ಟೆ ಗಾಜಿನ ಎಳೆಯಲ್ಲಿ ನೇಯ್ದದ್ದು.

ಅಲ್ಯೂಮಿನಿಯಮ್ ಹೊದಿಕೆ ಟಿಯರ್‌ಡ್ರಾಪ್‌ಗೆ ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, ವಿಮಾನಕ್ಕೆಂದು ಮಾಡಿ ಉಳಿದ ತಗಡೇ ಎಷ್ಟೋ ಟ್ರೈಲರ್‌ಗಳ ಮೈ ಸೇರಿತು. ನಾನು ತಂದದ್ದು ಒಂದು ಮಿಲಿಮೀಟರ್ ದಪ್ಪದ, ನಾಲ್ಕಕ್ಕೆ ಹತ್ತು ಅಡಿಯ ಶೀಟ್. 3003 ದರ್ಜೆಯದು, ಕೈಯಲ್ಲೇ ಬಗ್ಗುತ್ತದೆ. ತೂಕ ಹತ್ತು ಕಿಲೋ ಅಷ್ಟೇ. ಎಂಟು ಅಡಿಯದ್ದೇ ಅಗ್ಗ. ಆದರೆ ಮುಂದಿನ ಅಂಚಿನಿಂದ ಮಾಡಿನ ಮೇಲೆ ಹಾದು ಮುಚ್ಚಳದ ಕೀಲಿನವರೆಗೆ ಒಂದೇ ತುಂಡು ಬೇಕಿತ್ತು. ನೆತ್ತಿಯ ಮೇಲೊಂದು ಸಂದು ತಪ್ಪುವುದಾದರೆ ಜಾಸ್ತಿ ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಈ ಶೀಟನ್ನು ನಾನು ಪ್ಲೈವುಡ್‌ಗೆ ಅಂಟಿಸಿಲ್ಲ. ಹತ್ತು ಅಡಿಯ ಅಲ್ಯೂಮಿನಿಯಮ್ 40 ಡಿಗ್ರಿ ಬಿಸಿ ಏರಿದರೆ ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಅಡಿಯಲ್ಲಿರುವ ಪ್ಲೈವುಡ್ ಅಷ್ಟು ಹಿಗ್ಗುವುದಿಲ್ಲ. ಪೂರ್ತಿ ಅಂಟಿಸಿದ್ದರೆ ಬಿಸಿಲಿಗೆ ಅಲ್ಲಲ್ಲಿ ಗುಳ್ಳೆ ಏಳುವ ಭಯ. ಅದಕ್ಕೇ ಶೀಟನ್ನು ಸುಮ್ನೆ ಹೊದಿಸಿ, ಅಂಚಿನ ಸ್ಕ್ರೂ ತೂತುಗಳನ್ನು ತುಸು ದೊಡ್ಡದು ಮಾಡಿ, ಮೇಲಿಂದ ಎಲ್ ಆಕಾರದ ಪಟ್ಟಿ ಕೂರಿಸಿದೆ. ಪಟ್ಟಿ ಹಿಡಿದುಕೊಳ್ಳುತ್ತದೆ, ಶೀಟ್ ಒಳಗೊಳಗೇ ಜರುಗುತ್ತದೆ.

ಅಲ್ಯೂಮಿನಿಯಮ್ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಬೇಡಿ. ಗೆರೆಯ ಗ್ರಾಫೈಟ್‌ಗೆ ತೇವ ತಾಗಿದರೆ ಅಲ್ಲೇ ಲೋಹ ತಿನ್ನತೊಡಗುತ್ತದೆ. ಮಾರ್ಕರ್ ಸಾಕು. ಕೊಳೆಯದಿರಲೆಂದು ತಾಮ್ರದ ಔಷಧಿ ಕುಡಿಸಿದ ಮರವನ್ನೂ ಇದಕ್ಕೆ ತಾಗಿಸಬಾರದು.

ಪಕ್ಕದ ಗೋಡೆಗಳಿಗೂ ಅಲ್ಯೂಮಿನಿಯಮ್ ಹಾಕಬಹುದಿತ್ತು. ಆದರೆ ಅಲ್ಲಿ ಬಾಗಿಲು, ಕಿಟಕಿ, ಚಕ್ರದ ಮೇಲಿನ ಮಡ್‌ಗಾರ್ಡ್ ಎಲ್ಲ ಬರುತ್ತವೆ. ಎಷ್ಟು ಕಂಡಿಯೋ ಅಷ್ಟು ಅಂಚು. ಫೈಬರ್‌ಗ್ಲಾಸ್ ಬಟ್ಟೆಯಾದರೆ ಕಂಡಿಯ ಅಂಚನ್ನು ಸುತ್ತಿ ಒಳಕ್ಕೂ ಹೋಗುತ್ತದೆ. ಚೂಪು ಮೂಲೆಯಲ್ಲಿ ಮಾತ್ರ ಬಟ್ಟೆ ಕೂರದೆ ಎದ್ದು ನಿಲ್ಲುತ್ತದೆ, ಹಾಗಾಗಿ ಎಲ್ಲ ಅಂಚನ್ನೂ ರೂಟರ್ (ಮರ ಕೆತ್ತುವ ಕೈ ಯಂತ್ರ) ಹಿಡಿದು ಮೊದಲೇ ಗುಂಡಗೆ ಮಾಡಿಕೊಂಡೆ.

ಬಟ್ಟೆ ಚದರ ಮೀಟರ್‌ಗೆ 200 ಗ್ರಾಮಿನದು. ಒಣಗಿದ್ದಾಗ ಬೆಳ್ಳಗಿರುತ್ತದೆ. ಹಾರ್ಡ್ನರ್ ಕಲಸಿದ ರೆಸಿನ್ ಸುರಿದು ರಬ್ಬರ್ ಪಟ್ಟಿಯಲ್ಲಿ ಎಳೆದರೆ ಬಿಳಿ ಮಾಯವಾಗಿ ಕೆಳಗಿನ ಮರದ ಗೆರೆ ಎದ್ದು ಕಾಣುತ್ತದೆ. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ರೆಸಿನ್ ಸಾಲದು. ಎಲ್ಲಿ ಮಿರಮಿರ ಹೊಳೆಯುತ್ತಿದೆಯೋ ಅಲ್ಲಿ ಜಾಸ್ತಿಯಾಗಿದೆ. ನೇಯ್ಗೆ ಸ್ವಲ್ಪ ಕಾಣುವಂತಿದ್ದರೆ ಹದ ಸರಿ. ಕಲಸಿದ್ದನ್ನು ಲೋಟದಲ್ಲೇ ಇಟ್ಟುಕೊಂಡರೆ ಅದು ತಾನೇ ಬಿಸಿಯಾಗಿ ಹೊಗೆಯಾಡಬಹುದು, ಅಗಲ ತಟ್ಟೆಗೆ ಸುರಿದುಕೊಳ್ಳಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕುವ ಹಾಗಿಲ್ಲ, ಎಪಾಕ್ಸಿಯಲ್ಲಿ ಅಳತೆ ಅಂದರೆ ಅಳತೆ. ಗ್ಲೌಸ್ ಕಡ್ಡಾಯ. ಒಮ್ಮೆ ಅಲರ್ಜಿ ಶುರುವಾದರೆ ಆ ಕೆಲಸಕ್ಕೇ ಶರಣು ಹೊಡೆಯಬೇಕು.

ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಒಂದು ಥರ ಜಿಡ್ಡು ನಿಲ್ಲಬಹುದು. ಮೊದಲು ನೀರು ಹಾಕಿ ಉಜ್ಜಿ ತೊಳೆದು, ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಬೇಕು. ಬಿಸಿಲು ಎಪಾಕ್ಸಿಯನ್ನು ತಿನ್ನುತ್ತದೆ, ಹಾಗಾಗಿ ಮೇಲೆ ಪೇಂಟ್ ಇರಲೇಬೇಕು. ನನ್ನದು ಕೆನೆ ಬಣ್ಣ. ಹೆಂಡತಿಗೆ ಕಡುನೀಲಿ ಇಷ್ಟ ಇತ್ತು, ಆದರೆ ಕಡುಬಣ್ಣ ಬಿಸಿಲಿಗೆ ಕಾದರೆ ಸಾಮಾನ್ಯ ಎಪಾಕ್ಸಿ ಮೆತ್ತಗಾಗುತ್ತದೆ. ಕಡುನೀಲಿ ಒಳಗಿನ ದಿಂಬಿಗೆ ಬಂತು.

ಸ್ಕ್ರೂ ತೂತುಗಳಿಗೆ ದೋಣಿ ಕಟ್ಟುವವರ ಉಪಾಯ ಬಳಸಿದೆ. ಮೊದಲು ದೊಡ್ಡ ತೂತು ಕೊರೆದು, ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ ತುಂಬಿ, ಅದು ಒಣಗಿದ ಮೇಲೆ ನಡುವೆ ಸಣ್ಣ ತೂತು ಕೊರೆಯಬೇಕು. ಆಗ ಸ್ಕ್ರೂ ಪಕ್ಕದಲ್ಲಿ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಬೇಜಾರು ಹಿಡಿಸುವ ಕೆಲಸ, ಆದರೆ ಇಡೀ ಟ್ರೈಲರ್‌ನಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೇ.

ಪಟ್ಟಿ, ಕಿಟಕಿ, ಬಾಗಿಲ ಚೌಕಟ್ಟಿನಡಿ ಬ್ಯುಟೈಲ್ ಟೇಪ್, ಅಂದರೆ ಸಂದಿಗೆ ನೀರು ನುಗ್ಗದಂತೆ ಒತ್ತುವ ಮೆತ್ತನೆ ಅಂಟು ರಬ್ಬರ್ ಪಟ್ಟಿ. ಸ್ಕ್ರೂ ಒಂದೇ ಸಲ ಪೂರ್ತಿ ಬಿಗಿ ಮಾಡದೆ, ಟೇಪ್ ಹಿಂಡಿ ಹೊರಬಂದ ಹಾಗೆ ಮತ್ತೆ ಮತ್ತೆ ಬಿಗಿ ಮಾಡಿ, ಹೊರಬಂದದ್ದನ್ನು ಪ್ಲಾಸ್ಟಿಕ್ ಚಾಕುವಿನಲ್ಲಿ ಕೆರೆದು ತೆಗೆದೆ. ಅದು ಗಟ್ಟಿಯಾಗುವುದಿಲ್ಲ, ನಾಳೆ ಕಿಟಕಿ ಬಿಚ್ಚಬೇಕಾದರೆ ಬಿಚ್ಚಬಹುದು. ಸಿಲಿಕೋನ್ ಹತ್ತಿರ ಹೋಗಲೇ ಇಲ್ಲ. ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ, ಹೊಸ ಸಿಲಿಕೋನೂ ಹಿಡಿಯುವುದಿಲ್ಲ.

ಊರಿಂದ ಸ್ನೇಹಿತರೊಬ್ಬರು ಶಿವಮೊಗ್ಗದಲ್ಲಿ ಇದನ್ನೇ ಮಾಡಬಹುದಾ ಅಂತ ಕೇಳಿದ್ದರು. ಪ್ಲೈವುಡ್ ತರುವಾಗ ಐಎಸ್ 710 ಗುರುತಿನ ಮರೈನ್ ಪ್ಲೈ ಕೇಳಿ ಅಂದೆ. ಅಂಗಡಿ ಬೋರ್ಡಿಗೆ ಹಾಕುವ ಎಸಿಪಿ (ಎರಡು ತೆಳು ಅಲ್ಯೂಮಿನಿಯಮ್ ಪದರದ) ಶೀಟ್ ಹಗುರ, ಎಲ್ಲ ಕಡೆ ಸಿಗುತ್ತದೆ, ಆದರೆ ಅಗ್ಗದ್ದರ ನಡುವೆ ಇರುವುದು ಹೊತ್ತಿಕೊಳ್ಳುವ ಪ್ಲಾಸ್ಟಿಕ್. ಒಳಗೆ ಮಲಗಿ, ಹಿಂದೆ ಗ್ಯಾಸ್ ಒಲೆ ಹಚ್ಚುವ ಗಾಡಿಗೆ ನಾನಂತೂ ಅದನ್ನು ಹಾಕುವುದಿಲ್ಲ.